ಎಲ್ಲಕ್ಕೂ ಒಂದೇ ಲೆನ್ಸ್: ಮಬ್ಬು ಬಂದದ್ದೆಲ್ಲಿಂದ?

ಛಾಯಾಗ್ರಹಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಐದು ಪತ್ರಗಳ ದೂರು ಹೆಚ್ಚುಕಡಿಮೆ ಒಂದೇ. ಅಗಲವಾದ ನೋಟದಿಂದ ಹಿಡಿದು ದೂರದ ಹಕ್ಕಿಯವರೆಗೆ ಎಲ್ಲವನ್ನೂ ನಿಭಾಯಿಸುವ ಪ್ರವಾಸಿ ಜೂಮ್ ಲೆನ್ಸ್ ಕೊಂಡವರು, ಅದು ಕೊಟ್ಟ ಚಿತ್ರಗಳನ್ನು ಕಂಡು ಬೇಸರಗೊಂಡಿದ್ದಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇಡೀ ಅಂಕಣವನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನನ್ನ ಬಳಿ 24 ಮೆಗಾಪಿಕ್ಸೆಲ್‌ನ, ಎಪಿಎಸ್-ಸಿ ಸೆನ್ಸರ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾದ, ಬೆಳಕು ಗ್ರಹಿಸುವ ಫಲಕ) ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ದಾರಿಯಲ್ಲಿ ಮೇಲಿಂದ ಮೇಲೆ ಲೆನ್ಸ್ ಬದಲಿಸುವ ತಾಪತ್ರಯ ಬೇಡವೆಂದು, ಕ್ಯಾಮೆರಾದ ಜೊತೆಗೆ ಬಂದಿದ್ದ 18–55 ಮಿ.ಮೀ. ಲೆನ್ಸನ್ನು ಕಪಾಟಿನಲ್ಲಿಟ್ಟು 18–200 ಮಿ.ಮೀ. ಲೆನ್ಸ್ ಒಂದನ್ನು ಕೊಂಡೆ. ಹತ್ತು ದಿನಗಳ ಪ್ರವಾಸ ಮುಗಿಸಿ ಬಂದು ಸುಮಾರು 1,200 ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ನಿರಾಶೆಯಾಯಿತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚೊಕ್ಕಟವಾಗಿ ಕಂಡಿದ್ದ ಚಿತ್ರಗಳೇ ದೊಡ್ಡದು ಮಾಡಿದಾಗ ಮಬ್ಬುಮಬ್ಬಾಗಿವೆ. ಅದರಲ್ಲೂ 200 ಮಿ.ಮೀ.ನಲ್ಲಿ ತೆಗೆದವು ತೆಳುಬಟ್ಟೆಯ ಹಿಂದಿನಿಂದ ನೋಡಿದಂತಿವೆ. 18 ಮಿ.ಮೀ.ನಲ್ಲಿ ಗೋಡೆಗಳ ಗೆರೆ ಹೊಟ್ಟೆ ಉಬ್ಬಿಸಿಕೊಂಡಿದೆ. ಆಕಾಶದ ಹಿನ್ನೆಲೆಯ ಕೊಂಬೆಗಳಿಗೆಲ್ಲ ನೇರಳೆ ಅಂಚು ಮೂಡಿದೆ. ಮಾದರಿಗೆಂದು ಮೂರು ಚಿತ್ರಗಳನ್ನು ಇದರೊಂದಿಗೆ ಕಳುಹಿಸಿದ್ದೇನೆ. ತಪ್ಪು ನನ್ನದೋ ಲೆನ್ಸಿನದೋ? ಇದನ್ನು ಮಾರಿಬಿಡುವುದು ಒಳ್ಳೆಯದೇ?

ಉತ್ತರ: ಮಾರುವ ಮಾತನ್ನು ಎರಡು ಸಂಜೆಗಳ ಮಟ್ಟಿಗೆ ಮುಂದೂಡಿ. ನೀವು ಕಳುಹಿಸಿದ ಮೂರೂ ಚಿತ್ರಗಳು ಮಬ್ಬಾಗಿರುವುದು ನಿಜ. ಆದರೆ ಮೂರರ ಮಬ್ಬಿಗೂ ಕಾರಣ ಒಂದೇ ಅಲ್ಲ, ಮತ್ತು ಆ ಮೂರರಲ್ಲಿ ಒಂದರ ಹೊಣೆಯನ್ನು ಮಾತ್ರ ನಾನು ಲೆನ್ಸಿನ ಮೇಲೆ ಹೊರಿಸಬಲ್ಲೆ.

ಮೊದಲನೆಯದು ಒಣಕೊಂಬೆಯ ಮೇಲೆ ಕುಳಿತ ಗಿಡುಗ. ಕಡತದಲ್ಲಿ ದಾಖಲಾಗಿರುವ ವಿವರ ಹೀಗಿದೆ: ನಾಭಿದೂರ (ಇದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) 200 ಮಿ.ಮೀ., ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್ 5.6, ಷಟರ್ ತೆರೆದಿದ್ದ ಹೊತ್ತು 1/80 ಸೆಕೆಂಡು, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 200. ಚಿತ್ರವನ್ನು ದೊಡ್ಡದು ಮಾಡಿ ಹಕ್ಕಿಯ ಕಣ್ಣಿನಲ್ಲಿರುವ ಬೆಳಕಿನ ಚುಕ್ಕಿಯನ್ನು ನೋಡಿ. ಅದು ಚುಕ್ಕಿಯಾಗಿ ಉಳಿದಿಲ್ಲ. ಎಡಮೇಲಿನಿಂದ ಬಲಕೆಳಕ್ಕೆ ಎಳೆದ ಪುಟ್ಟ ಗೀರಾಗಿದೆ. ಕೊಂಬೆಯ ತೊಗಟೆಯ ಮೇಲಿನ ಹೊಳಪುಗಳೂ ಅದೇ ದಿಕ್ಕಿಗೆ, ಅಷ್ಟೇ ಉದ್ದಕ್ಕೆ ಗೀರಾಗಿವೆ. ಹಕ್ಕಿ ಅಲುಗಿದ್ದರೆ ಹಕ್ಕಿ ಮಾತ್ರ ಗೀರಾಗುತ್ತಿತ್ತು. ಇಲ್ಲಿ ಕೊಂಬೆಯೂ ಗೀರಾಗಿರುವುದರಿಂದ ಅಲುಗಿದ್ದು ಕ್ಯಾಮೆರಾ. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗವು ನಾಭಿದೂರದ ವಿಲೋಮಕ್ಕಿಂತ (200 ಮಿ.ಮೀ.ಗೆ 1/200 ಸೆಕೆಂಡು) ಕಡಿಮೆಯಾಗಬಾರದೆಂಬ ಹಳೆಯ ಲೆಕ್ಕವನ್ನು ಎಪಿಎಸ್-ಸಿ ಸೆನ್ಸರಿಗೆ ಅನ್ವಯಿಸಿದರೆ, ಸೆನ್ಸರ್ ಚಿಕ್ಕದಾದ ಕಾರಣ 200ನ್ನು 1.5ರಿಂದ ಗುಣಿಸಿ 1/300 ಸೆಕೆಂಡು ಬೇಕಾಗುತ್ತದೆ. ನಿಮ್ಮ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯೆಂಬುದು ನಿಜ. ಆದರೆ ಗುಂಡಿಯನ್ನು ಅರ್ಧ ಒತ್ತಿದ ಮೇಲೆ ಅದು ನೆಲೆಗೊಳ್ಳಲು ಒಂದು ಕ್ಷಣ ಹಿಡಿಯುತ್ತದೆ, ಮತ್ತು ಹಕ್ಕಿ ಹಾರಿಹೋದೀತೆಂಬ ಅವಸರದಲ್ಲಿ ಒಂದೇ ಏಟಿಗೆ ಗುಂಡಿ ಒತ್ತುವವರಿಗೆ ಅದರ ಪ್ರಯೋಜನ ಪೂರ್ತಿ ಸಿಗುವುದಿಲ್ಲ. ಐಎಸ್‌ಒ 200ರ ಬದಲು 800 ಇಟ್ಟಿದ್ದರೆ ಅದೇ ಬೆಳಕಿನಲ್ಲಿ 1/320 ಸೆಕೆಂಡು ಸಿಗುತ್ತಿತ್ತು. ಐಎಸ್‌ಒ ಹೆಚ್ಚಿಸಲು ಹೆದರುವುದು ಹಳೆಯ ಕ್ಯಾಮೆರಾಗಳ ಕಾಲದಿಂದ ಉಳಿದುಕೊಂಡ ಅಭ್ಯಾಸ. ಕಾಳುಕಾಳಾದ ಚಿತ್ರವನ್ನು ಇಂದಿನ ತಂತ್ರಾಂಶಗಳು ಬಹುಮಟ್ಟಿಗೆ ನಯಗೊಳಿಸುತ್ತವೆ. ಅಲುಗಿದ ಚಿತ್ರಕ್ಕೆ ಅಂಥ ಮದ್ದಿಲ್ಲ.

ಎರಡನೆಯದು ಬೆಟ್ಟಸಾಲು. ಅದೂ 200 ಮಿ.ಮೀ.ನಲ್ಲೇ ತೆಗೆದದ್ದು, ಆದರೆ 1/1000 ಸೆಕೆಂಡಿನಲ್ಲಿ. ಆದ್ದರಿಂದ ಅಲುಗಾಟದ ಪ್ರಶ್ನೆ ಇಲ್ಲ. ಇಲ್ಲಿ ಮುಂದಿನ ದಿಬ್ಬದ ಮೇಲಿನ ಮರಗಳನ್ನೂ ಹಿಂದಿನ ಬೆಟ್ಟವನ್ನೂ ಹೋಲಿಸಿ ನೋಡಬೇಕು. ದಿಬ್ಬದ ಮರಗಳಲ್ಲಿ ರೆಂಬೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹಿಂದಿನ ಬೆಟ್ಟದ ಅಂಚು ಮಾತ್ರ ನೀಲಿಯಲ್ಲಿ ಕಲಸಿಹೋಗಿ, ನೀರಿನ ಮೇಲಿನ ನೆರಳಿನಂತೆ ಅಂಕುಡೊಂಕಾಗಿದೆ. ದಿಬ್ಬವೂ ಬೆಟ್ಟವೂ ಈ ಲೆನ್ಸಿನ ಪಾಲಿಗೆ ಅನಂತ ದೂರದಲ್ಲೇ ಇರುವುದರಿಂದ ಇದು ಫೋಕಸ್ ತಪ್ಪಿದ್ದಲ್ಲ. ಚಿತ್ರ ತೆಗೆದದ್ದು ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ. ಕಾದ ನೆಲದಿಂದ ಏಳುವ ಗಾಳಿಯಲ್ಲಿ ಬಿಸಿಯ ಪದರ, ತಂಪಿನ ಪದರ ಬೆರೆಯುತ್ತಿರುತ್ತವೆ. ಬೆಳಕು ಒಂದೊಂದು ಪದರದಲ್ಲೂ ತುಸುತುಸುವೇ ಬಾಗುತ್ತದೆ. ಕಿಲೋಮೀಟರುಗಟ್ಟಲೆ ಅಂಥ ಗಾಳಿಯನ್ನು ದಾಟಿಬಂದ ಬೆಳಕಿನಿಂದ, ನಿಮ್ಮ ಲೆನ್ಸಿನ ಹತ್ತು ಪಟ್ಟು ಬೆಲೆಯ ಲೆನ್ಸಿಗೂ ಸ್ಪಷ್ಟವಾದ ಗೆರೆ ಸಿಗುವುದಿಲ್ಲ. ಆ ಬೆಟ್ಟವನ್ನು ಮುಂಜಾನೆ, ಅಥವಾ ಒಂದು ಮಳೆ ಬಿದ್ದು ಗಾಳಿ ತೊಳೆದ ಮೇಲೆ ತೆಗೆಯಬೇಕು. ದೂರದ ಜೂಮ್ ಇರುವುದು ದೂರದ್ದನ್ನು ತೆಗೆಯುವುದಕ್ಕೇ ಎಂದು ನಾವು ತಿಳಿದಿರುತ್ತೇವೆ. ಅದು ಹೆಚ್ಚು ಚೆನ್ನಾಗಿ ಕೆಲಸ ಮಾಡುವುದು ಹತ್ತಿರದ್ದನ್ನು ತುಂಬಿಸಿ ತೆಗೆಯುವಾಗ.

ಮೂರನೆಯ ಚಿತ್ರವಾದ ಕಲ್ಲುಗೋಡೆಯ ಮುಂದೆ ಮಾತ್ರ ನಾನು ಲೆನ್ಸಿನ ಪರ ವಾದಿಸಲಾರೆ. 200 ಮಿ.ಮೀ., ಎಫ್ 5.6, 1/640 ಸೆಕೆಂಡು. ಗೋಡೆ ನಿಮ್ಮಿಂದ ಮೂವತ್ತು ಹೆಜ್ಜೆಯಲ್ಲಿದೆ. ಗೀರುಗಳಿಲ್ಲ, ನಡುವೆ ಗಾಳಿಯೂ ಹೆಚ್ಚಿಲ್ಲ. ಆದರೂ ಬಿಳಿಯ ಕಲ್ಲು ಕರಿಯ ಸಂದಿಗೆ ತಾಗುವಲ್ಲಿ ಬಿಳಿಯು ಕರಿಯ ಮೇಲೆ ಒಂದಿಷ್ಟು ಸೋರಿದಂತಿದೆ. ವಿವರವಿದೆ, ಅದರ ಮೇಲೊಂದು ಹೊಗೆಯೂ ಇದೆ. ಚಿತ್ರದ ನಡುವಿಗಿಂತ ಮೂಲೆಗಳಲ್ಲಿ ಅದು ಹೆಚ್ಚು. ಜೂಮ್ ಅನ್ನು ಕೊನೆಯವರೆಗೆ ತಿರುಗಿಸಿ, ಅಪರ್ಚರನ್ನು ಪೂರ್ತಿ ತೆರೆದು ತೆಗೆದಾಗ ಈ ಜಾತಿಯ ಲೆನ್ಸುಗಳು ಸಾಮಾನ್ಯವಾಗಿ ತೋರುವ ದೌರ್ಬಲ್ಯ ಇದೇ.

ಇದೇಕೆ ಹೀಗೆಂದರೆ, ಆ ಕೊಳವೆಯೊಳಗಿನ ಗಾಜುಗಳಿಗೆ ನಾವು ವಹಿಸಿರುವ ಕೆಲಸವೇ ವಿಪರೀತದ್ದು. 18 ಮಿ.ಮೀ., ಎಫ್ 3.5ರಲ್ಲಿ ಬೆಳಕು ಒಳಬರುವ ಕಿಂಡಿಯ ವ್ಯಾಸ ಸುಮಾರು 5 ಮಿ.ಮೀ.; 200 ಮಿ.ಮೀ., ಎಫ್ 5.6ರಲ್ಲಿ ಅದು ಸುಮಾರು 36 ಮಿ.ಮೀ. ಒಂದು ತುದಿಯಲ್ಲಿ ಅಗಲವಾದ ನೋಟವನ್ನು ಪುಟ್ಟ ಕಿಂಡಿಯಿಂದಲೂ, ಇನ್ನೊಂದು ತುದಿಯಲ್ಲಿ ಇಕ್ಕಟ್ಟಾದ ನೋಟವನ್ನು ದೊಡ್ಡ ಕಿಂಡಿಯಿಂದಲೂ ಅದೇ ಗಾಜುಗಳು ಸೆನ್ಸರಿನ ಮೇಲೆ ಮೂಡಿಸಬೇಕು. ಒಂದು ನಾಭಿದೂರದಲ್ಲಿ ಸರಿಪಡಿಸಿದ ದೋಷ ಇನ್ನೊಂದರಲ್ಲಿ ತಲೆಯೆತ್ತುತ್ತದೆ; ವಿನ್ಯಾಸಕಾರ ಅದನ್ನು ಅಲ್ಲಿ ತುಳಿದರೆ ಮತ್ತೆ ಇಲ್ಲಿ ಏಳುತ್ತದೆ. ಕೊನೆಗೆ ಎಲ್ಲ ಕಡೆಯೂ ಇಷ್ಟಿಷ್ಟು ಎಂದು ರಾಜಿಯಾಗುತ್ತದೆ. ಒಂದೇ ನಾಭಿದೂರದ 50 ಮಿ.ಮೀ. ಲೆನ್ಸು ಆರೇಳು ಗಾಜುಗಳಲ್ಲಿ ಮುಗಿಯುತ್ತದೆ. ನಿಕಾನ್ ಕಂಪನಿ 2005ರಲ್ಲಿ ತಂದ 18–200 ಮಿ.ಮೀ. ಲೆನ್ಸಿನಲ್ಲಿ 12 ಗುಂಪುಗಳಲ್ಲಿ (ಕೆಲವು ಗಾಜುಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ) 16 ಗಾಜುಗಳಿದ್ದವು.

ಇತಿಹಾಸದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಿದರೆ ನಮ್ಮ ಆಸೆ ಹೇಗೆ ಬೆಳೆಯಿತೆಂಬುದು ತಿಳಿಯುತ್ತದೆ. 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗೆಂದು 1959ರಲ್ಲಿ ಬಂದ ಮೊದಲ ಜೂಮ್, ಫೋಕ್ಟ್‌ಲೆಂಡರ್‌ನ ಜೂಮಾರ್, 36ರಿಂದ 82 ಮಿ.ಮೀ.ವರೆಗೆ, ಎಂದರೆ ಎರಡೂಕಾಲು ಪಟ್ಟಿನಷ್ಟು ಹಿಗ್ಗುತ್ತಿತ್ತು. 1992ರಲ್ಲಿ ಟ್ಯಾಮ್ರಾನ್‌ನ 28–200 ಮಿ.ಮೀ. ಏಳು ಪಟ್ಟು ದಾಟಿತು. 18–200 ಎಂದರೆ ಹನ್ನೊಂದು ಪಟ್ಟು. 2017ರಲ್ಲಿ ಅದೇ ಟ್ಯಾಮ್ರಾನ್ 18–400 ಮಿ.ಮೀ. ಲೆನ್ಸ್ ತಂದಾಗ ಅದು ಇಪ್ಪತ್ತೆರಡು ಪಟ್ಟಾಯಿತು. ಈ ಅವಧಿಯಲ್ಲಿ ಗಾಜಿನ ಗುಣವೂ ವಿನ್ಯಾಸದ ಗಣಿತವೂ ಬಹಳ ಮುಂದುವರಿದವು. ಆ ಮುನ್ನಡೆಯ ಬಹುಪಾಲನ್ನು ತಯಾರಕರು ಚಿತ್ರದ ಗುಣಮಟ್ಟಕ್ಕಿಂತ ಜೂಮಿನ ಪಟ್ಟು ಹೆಚ್ಚಿಸುವುದಕ್ಕೇ ಖರ್ಚುಮಾಡಿದರೆಂದು ನನಗೆ ಅನೇಕ ಬಾರಿ ಅನ್ನಿಸಿದೆ. ಕೊಳ್ಳುವವರು ಪೆಟ್ಟಿಗೆಯ ಮೇಲೆ ಮೊದಲು ಓದುವುದು ಆ ಅಂಕಿಯನ್ನೇ ಅಲ್ಲವೇ?

ಇನ್ನು ನೀವು ಚಿತ್ರವನ್ನು ನೋಡುವ ಬಗೆ. 2005ರ ಸುಮಾರಿನಲ್ಲಿ ಜನಪ್ರಿಯವಾಗಿದ್ದ 6 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲಿನ ಅಗಲ ಸುಮಾರು 7.8 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ನಿಮ್ಮ 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಸುಮಾರು 3.9 ಮೈಕ್ರಾನ್, ಎಂದರೆ ಅದರರ್ಧ. ಪರದೆಯ ಮೇಲೆ ಶೇಕಡಾ 100ಕ್ಕೆ ಹಿಗ್ಗಿಸಿದಾಗ ಲೆನ್ಸಿನ ಅದೇ ಮಬ್ಬು ಆಗಿನದಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. 6,000 ಪಿಕ್ಸೆಲ್ ಅಗಲದ ಚಿತ್ರವನ್ನು, ಅಂಗುಲಕ್ಕೆ 96 ಚುಕ್ಕಿಗಳಿರುವ ಪರದೆಯಲ್ಲಿ ಹಾಗೆ ನೋಡುವುದೆಂದರೆ, ಐದು ಅಡಿಗೂ ಅಗಲವಾದ ಮುದ್ರಿತ ಚಿತ್ರಕ್ಕೆ ಒಂದೂವರೆ ಅಡಿ ದೂರದಲ್ಲಿ ನಿಂತಂತೆ. ಚಿತ್ರದ ಅಗಲವನ್ನು 3,000 ಪಿಕ್ಸೆಲ್‌ಗೆ ಇಳಿಸಿ ಮತ್ತೊಮ್ಮೆ ನೋಡಿ. ಹತ್ತು ಅಂಗುಲದ ಒಳ್ಳೆಯ ಮುದ್ರಣಕ್ಕೆ ಅಷ್ಟು ಸಾಕು. ಕಲ್ಲುಗೋಡೆಯ ಹೊಗೆ ಬಹುಪಾಲು ಕರಗಿರುತ್ತದೆ. ಗಿಡುಗದ ಗೀರು ಹಾಗೆಯೇ ಇರುತ್ತದೆ. ಕ್ಯಾಮೆರಾದ ಹಿಂಬದಿಯ ಪರದೆಯ ಮಾತಿಗೆ ಬಂದರೆ, ಅದು ಮುಖಸ್ತುತಿಯಲ್ಲಿ ನಿಸ್ಸೀಮ. ಸ್ಥಳದಲ್ಲೇ ಒಂದೆರಡು ಚಿತ್ರಗಳನ್ನು ಹಿಗ್ಗಿಸಿ ನೋಡದೆ ಅದನ್ನು ನಂಬಬೇಡಿ.

ಆ ಎರಡು ಸಂಜೆಗಳ ಕೆಲಸ ಇದು. ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಅಲುಗಾಟ ತಡೆಯನ್ನು ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯಲ್ಲಿ ನೋಡುತ್ತ) ಫೋಕಸ್ ಮಾಡಿ, ನಲವತ್ತು ಹೆಜ್ಜೆ ದೂರದ ಒರಟು ಗೋಡೆಯೊಂದನ್ನು 18, 35, 70, 135, 200 ಮಿ.ಮೀ.ಗಳಲ್ಲಿ ತೆಗೆಯಿರಿ, ಪ್ರತಿಯೊಂದರಲ್ಲೂ ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್ 8ರಲ್ಲಿ ಒಂದು, ಎಫ್ 11ರಲ್ಲಿ ಒಂದು. ಹದಿನೈದು ಚಿತ್ರಗಳಾಗುತ್ತವೆ. ಮರುದಿನ ಕಪಾಟಿನಲ್ಲಿರುವ 18–55 ಲೆನ್ಸಿನಲ್ಲಿ 18, 35, 55ಕ್ಕೆ ಹಾಗೆಯೇ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. 18ರಿಂದ 55ರವರೆಗೆ ಎಫ್ 8ರಲ್ಲಿ ಎರಡಕ್ಕೂ ಇರುವ ಅಂತರ ನೀವು ಊಹಿಸಿದ್ದಕ್ಕಿಂತ ಕಡಿಮೆ ಇದ್ದರೆ ಅಚ್ಚರಿಪಡಬೇಡಿ. 200ರಲ್ಲಿ ಎಫ್ 5.6ಕ್ಕೂ ಎಫ್ 8ಕ್ಕೂ ಇರುವ ಅಂತರವನ್ನಂತೂ ಕಣ್ಣು ಕಿರಿದಾಗಿಸದೆಯೇ ಕಾಣಬಹುದು. ಹಾಗೆಂದು ಎಫ್ 16ಕ್ಕೆ ಹೋದರೆ ಇನ್ನೂ ಒಳ್ಳೆಯದೆಂದು ತಿಳಿಯಬಾರದು. ಕಿಂಡಿ ಕಿರಿದಾದಷ್ಟೂ ಬೆಳಕು ಅದರ ಅಂಚಿನಲ್ಲಿ ಚದುರುವುದು ಹೆಚ್ಚುತ್ತದೆ; ಹಸಿರು ಬೆಳಕಿನ ಒಂದು ಬಿಂದು ಎಫ್ 8ರಲ್ಲಿ ಸುಮಾರು 11 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಮೂಡಿದರೆ, ಎಫ್ 16ರಲ್ಲಿ ಸುಮಾರು 21 ಮೈಕ್ರಾನ್‌ಗೆ, ಎಂದರೆ ನಿಮ್ಮ ಸೆನ್ಸರಿನ ಐದು ಪಿಕ್ಸೆಲ್‌ಗಳಿಗೂ ಮೀರಿ ಹರಡುತ್ತದೆ. ಹೀಗಾಗಿ ಇಂಥ ಲೆನ್ಸಿಗೆ ದೂರದ ತುದಿಯಲ್ಲಿ ಎಫ್ 8ರಿಂದ ಎಫ್ 11ರವರೆಗಿನ ಸಣ್ಣದೊಂದು ಓಣಿ ಮಾತ್ರ ಉಳಿಯುತ್ತದೆ.

ಉಬ್ಬಿದ ಗೋಡೆಗಳು, ನೇರಳೆ ಅಂಚುಗಳು ಎರಡನ್ನೂ ಬೇಗ ಮುಗಿಸಿಬಿಡೋಣ, ಏಕೆಂದರೆ ಅವು ಲೆನ್ಸಿನ ದೋಷಗಳೇ ಆದರೂ ತಂತ್ರಾಂಶಕ್ಕೆ ಸುಲಭದ ತುತ್ತುಗಳು. ರಾ ಕಡತವನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರವನ್ನು) ತೆರೆಯುವ ತಂತ್ರಾಂಶದಲ್ಲಿ ನಿಮ್ಮ ಲೆನ್ಸಿನ ಪ್ರೊಫೈಲನ್ನು (ಅದರ ದೋಷಗಳನ್ನು ತಿದ್ದುವ ಸಿದ್ಧ ಲೆಕ್ಕವನ್ನು) ಆರಿಸಿಕೊಂಡರೆ 18ರ ಉಬ್ಬೂ, 35ರಿಂದಾಚೆಗೆ ಕಾಣಿಸುವ ಒಳಬಾಗೂ ನೆಟ್ಟಗಾಗುತ್ತವೆ. ಕೊಂಬೆಯ ಒಂದು ಬದಿಗೆ ನೇರಳೆ, ಇನ್ನೊಂದು ಬದಿಗೆ ಹಸಿರು ಕಂಡು, ಅದು ಮೂಲೆಗೆ ಹೋದಂತೆ ಹೆಚ್ಚುತ್ತಿದ್ದರೆ ಒಂದು ಗುರುತು ಹಾಕುವಷ್ಟರಲ್ಲಿ ಹೋಗುತ್ತದೆ. ಚಿತ್ರದ ನಡುವೆಯೂ ಕೊಂಬೆಯ ಸುತ್ತ ನೇರಳೆ ಇದ್ದರೆ ಮಾತ್ರ ಅದು ಬೇರೆ ಜಾತಿಯದು. ಅಪರ್ಚರ್ ಒಂದು ಹಂತ ಕಿರಿದಾಗಿಸಿಯೇ ಅದನ್ನು ತಗ್ಗಿಸಬೇಕು.

ಪ್ರಶ್ನೆ: ನನ್ನ ಪ್ರವಾಸಿ ಜೂಮಿನಲ್ಲಿ ತೆಗೆದ ಚಿತ್ರಗಳ ಎಡಭಾಗ ಯಾವಾಗಲೂ ಬಲಭಾಗಕ್ಕಿಂತ ಮಬ್ಬಾಗಿರುತ್ತದೆ. ಮಾರಿದವರು "ಈ ಲೆನ್ಸುಗಳೆಲ್ಲ ಹೀಗೆಯೇ" ಎನ್ನುತ್ತಾರೆ. ನಿಜವೇ?

ಉತ್ತರ: ಮೂಲೆಗಳು ನಾಲ್ಕೂ ಸಮಾನವಾಗಿ ಮಬ್ಬಾಗಿದ್ದರೆ ಅವರ ಮಾತು ನಿಜ. ಒಂದು ಬದಿ ಮಾತ್ರ ಮಬ್ಬಾಗಿದ್ದರೆ ಅದು ಈ ಜಾತಿಯ ಲೆನ್ಸಿನ ಗುಣವಲ್ಲ, ನಿಮ್ಮ ಕೈಯಲ್ಲಿರುವ ಲೆನ್ಸಿನ ದೋಷ. ಒಳಗಿನ ಗಾಜೊಂದು ನಡುಗೆರೆಯಿಂದ ಸರಿದಿರಬಹುದು, ಇಲ್ಲವೇ ಓರೆಯಾಗಿರಬಹುದು. ಒಂದರೊಳಗೊಂದು ಸೇರಿಕೊಂಡ ಕೊಳವೆಗಳು ಉದ್ದಕ್ಕೆ ಚಾಚಿಕೊಳ್ಳುವ ಲೆನ್ಸುಗಳಲ್ಲಿ ಇದರ ಸಂಭವ ಹೆಚ್ಚು, ಮತ್ತು ಎಲ್ಲ ನಾಭಿದೂರಗಳಲ್ಲೂ ಒಂದೇ ತೆರನಾಗಿ ಕಾಣಿಸಿಕೊಳ್ಳಬೇಕೆಂದೂ ಇಲ್ಲ.

ಅಂಗಡಿಯವರ ಮುಂದೆ ಇಡಬಹುದಾದ ಸಾಕ್ಷ್ಯ ನಿಮಗೆ ಬೇಕು. ಗೋಡೆಯನ್ನು ತೆಗೆದರೆ "ಕ್ಯಾಮೆರಾ ಓರೆಯಾಗಿತ್ತು" ಎಂಬ ಉತ್ತರ ಬರುತ್ತದೆ. ಆದ್ದರಿಂದ ಬಹುದೂರದಲ್ಲಿ ಎಡದಿಂದ ಬಲಕ್ಕೆ ಮರಗಳೋ ಕಟ್ಟಡಗಳೋ ಹಬ್ಬಿರುವ ನೋಟವನ್ನು ಆರಿಸಿಕೊಳ್ಳಿ. ನಡುವಿಗೆ ಫೋಕಸ್ ಮಾಡಿ, ಅದನ್ನು ಮ್ಯಾನ್ಯುಯಲ್‌ಗೆ ಬದಲಿಸಿ ಹಾಗೆಯೇ ಉಳಿಸಿ, ಅಲುಗಾಟ ತಡೆಯನ್ನು ಆಫ್ ಮಾಡಿ, ಎಫ್ 5.6ರಲ್ಲಿ ಒಂದು ಚಿತ್ರ ತೆಗೆಯಿರಿ. ಬಳಿಕ ಕ್ಯಾಮೆರಾವನ್ನು ತಲೆಕೆಳಗಾಗಿಸಿ ಅದೇ ನೋಟವನ್ನು ಇನ್ನೊಮ್ಮೆ ತೆಗೆಯಿರಿ. ಎರಡನೆಯದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ತಿರುಗಿಸಿ ಮೊದಲನೆಯದರ ಪಕ್ಕದಲ್ಲಿಡಿ. ಮೊದಲು ಎಡಗಡೆಯ ಮರ ಮಬ್ಬಾಗಿದ್ದು ಈಗ ಬಲಗಡೆಯ ಮರ ಮಬ್ಬಾಗಿದ್ದರೆ, ಮಬ್ಬು ಲೆನ್ಸಿನೊಡನೆ ಸುತ್ತಿತೆಂದು ಅರ್ಥ; ಅದಕ್ಕೆ ಮಾರಿದವರಲ್ಲೂ ಉತ್ತರವಿರುವುದಿಲ್ಲ. ಎರಡರಲ್ಲೂ ಎಡಗಡೆಯ ಮರವೇ ಮಬ್ಬಾಗಿದ್ದರೆ ಲೆನ್ಸನ್ನು ದೂರುವ ಮೊದಲು ಆ ಮರ ಎಷ್ಟು ದೂರದಲ್ಲಿದೆ ಎಂದು ನೋಡಿ.

ವಾರಂಟಿಯ ಅವಧಿ ಮುಗಿಯುವ ಮುನ್ನ ಈ ಪರೀಕ್ಷೆ ಮಾಡುವುದು ಒಳಿತು. ನನ್ನದೇ ಒಂದು ಲೆನ್ಸು 135 ಮಿ.ಮೀ. ಆಸುಪಾಸಿನಲ್ಲಿ ಮಾತ್ರ ಬಲಭಾಗವನ್ನು ಕಲಸಿಬಿಡುತ್ತಿತ್ತು. ದುರಸ್ತಿಗೆ ಕಳುಹಿಸಿದಾಗ "ನಿಗದಿತ ಮಿತಿಯೊಳಗಿದೆ" ಎಂಬ ಚೀಟಿ ಹೊತ್ತು ಮರಳಿತು. ತಲೆಕೆಳಗಿನ ಚಿತ್ರವನ್ನೂ ಸೇರಿಸಿ ಎರಡನೆಯ ಬಾರಿ ಕಳುಹಿಸಿದ ಮೇಲೆ, ಯಾವ ಚೀಟಿಯೂ ಇಲ್ಲದೆ ಸರಿಯಾಗಿ ಬಂತು.

ಪ್ರಶ್ನೆ: ವ್ಯೂಫೈಂಡರ್ ಮೂಲಕ ತೆಗೆದರೆ 200 ಮಿ.ಮೀ.ನಲ್ಲಿ ಮುಖ ಮಬ್ಬಾಗಿ, ಅದರ ಹಿಂದಿರುವ ಕಿವಿ ಸ್ಪಷ್ಟವಾಗಿ ಬರುತ್ತದೆ. ಲೈವ್ ವ್ಯೂನಲ್ಲಿ ಸರಿಯಾಗಿದೆ. ಇದಕ್ಕೂ ಲೆನ್ಸೇ ಕಾರಣವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಲೈವ್ ವ್ಯೂನಲ್ಲಿ ಸ್ಪಷ್ಟವಾಗಿ ಬರುತ್ತಿದೆಯೆಂದ ಮೇಲೆ ಗಾಜುಗಳು ನಿರ್ದೋಷಿಗಳು. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ತೆಗೆಯುವಾಗ ಫೋಕಸ್ ಅಳೆಯುವುದು ಸೆನ್ಸರ್ ಅಲ್ಲ. ಕನ್ನಡಿಯ ಕೆಳಗೆ ಕುಳಿತ ಬೇರೊಂದು ಘಟಕ. ಆ ಘಟಕದ ಅಳತೆಗೂ ಸೆನ್ಸರಿಗೂ ಒಂದು ಕೂದಲೆಳೆಯಷ್ಟು ಅಂತರವಿದ್ದರೂ ಹೀಗೆ ಮೂಗಿನ ಬದಲು ಕಿವಿಗೆ ಫೋಕಸ್ ಬೀಳುತ್ತದೆ. ಕೆಲವು ಕ್ಯಾಮೆರಾಗಳ ಪಟ್ಟಿಯಲ್ಲಿ ಇದನ್ನು ತಿದ್ದುವ ಸೌಲಭ್ಯವಿದೆ. ಆದರೆ ಅವುಗಳಲ್ಲಿ ಅನೇಕವು ಒಂದು ಲೆನ್ಸಿಗೆ ಒಂದೇ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳುತ್ತವೆ. ಕೆಲವು ಮಾತ್ರ ಅಗಲದ ತುದಿಗೊಂದು, ದೂರದ ತುದಿಗೊಂದು ಎಂದು ಎರಡನ್ನು ಇಟ್ಟುಕೊಳ್ಳುತ್ತವೆ. ಒಂದೇ ತಿದ್ದುಪಡಿ ಸಿಗುವುದಾದರೆ 200ಕ್ಕೆ ಸರಿಹೋಗುವಂತೆ ತಿದ್ದಿ. 18ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚಿರುವುದರಿಂದ ಸಣ್ಣ ತಪ್ಪು ಅಲ್ಲಿ ಮುಚ್ಚಿಹೋಗುತ್ತದೆ. ಸೌಲಭ್ಯವೇ ಇಲ್ಲದಿದ್ದರೆ ದೂರದ ತುದಿಯ ಮುಖಚಿತ್ರಗಳಿಗೆ ಲೈವ್ ವ್ಯೂ ಬಳಸಿ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರೇ ಫೋಕಸ್ ಅಳೆಯುವುದರಿಂದ ಈ ತಂಟೆ ಇಲ್ಲ.

ಪ್ರಶ್ನೆ: ನನ್ನ 18–200ರಲ್ಲಿಯೂ ಸ್ನೇಹಿತರ 55–200ರಲ್ಲಿಯೂ ಎದುರಿನ ಹೂವನ್ನು ಒಂದೇ ಜಾಗದಿಂದ 200 ಮಿ.ಮೀ.ಗಿಟ್ಟು ತೆಗೆದೆವು. ನನ್ನ ಚಿತ್ರದಲ್ಲಿ ಹೂವು ಚಿಕ್ಕದಾಗಿದೆ. ನನಗೆ ಮೋಸವಾಗಿದೆಯೇ?

ಉತ್ತರ: ಮೋಸವಲ್ಲ. ಲೆನ್ಸಿನ ಮೇಲೆ ಬರೆದ ನಾಭಿದೂರ ಅನಂತ ದೂರಕ್ಕೆ ಫೋಕಸ್ ಮಾಡಿದಾಗಿನದು. ನಿಮ್ಮಂಥ ಲೆನ್ಸುಗಳಲ್ಲಿ ಹತ್ತಿರಕ್ಕೆ ಫೋಕಸ್ ಮಾಡುವಾಗ ಒಳಗಿನ ಗಾಜುಗಳು ಸರಿದು ನಾಭಿದೂರವೇ ಗಣನೀಯವಾಗಿ ಕುಗ್ಗುತ್ತದೆ. ಅದೇ ಜಾಗದಿಂದ ದೂರದ ಕಟ್ಟಡವನ್ನು ಇಬ್ಬರೂ ತೆಗೆದು ನೋಡಿ. ಚಿತ್ರಗಳು ಹೆಚ್ಚುಕಡಿಮೆ ಹೊಂದುತ್ತವೆ.

ಪ್ರಶ್ನೆ: ಲೆನ್ಸಿನ ಮುಂದೆ ಯಾವಾಗಲೂ ಒಂದು ಯುವಿ ಫಿಲ್ಟರ್ ಇರುತ್ತದೆ. ಸೂರ್ಯ ಎದುರಿಗಿದ್ದರೆ ಚಿತ್ರವೆಲ್ಲ ಬೂದಿ ಬಳಿದಂತಾಗುತ್ತದೆ. ಫಿಲ್ಟರ್ ತೆಗೆಯಬೇಕೇ?

ಉತ್ತರ: ಖಂಡಿತವಾಗಿ ತೆಗೆದು ನೋಡಿ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಹಿಂದಕ್ಕೆ ಹೊಡೆಯುತ್ತದೆ. ಮೇಲೆ ಹೇಳಿದ 12 ಗುಂಪುಗಳ ಲೆನ್ಸಿನಲ್ಲಿ ಗಾಳಿಗೆ ತೆರೆದುಕೊಂಡ ಮೇಲ್ಮೈಗಳು 24. ಲೇಪನವೇ ಇಲ್ಲದಿದ್ದರೆ ಬಂದ ಬೆಳಕಿನಲ್ಲಿ ಶೇಕಡಾ 40ರಷ್ಟೂ ಸೆನ್ಸರನ್ನು ನೇರವಾಗಿ ತಲುಪುತ್ತಿರಲಿಲ್ಲ. ಉಳಿದದ್ದರಲ್ಲಿ ಒಂದಿಷ್ಟು ಒಳಗೊಳಗೇ ಪುಟಿದು, ಕತ್ತಲಿರಬೇಕಾದ ಕಡೆಯಲ್ಲೆಲ್ಲ ಬೂದಿಯಾಗಿ ಬೀಳುತ್ತಿತ್ತು. ತಯಾರಕರು ಹಲವು ಪದರಗಳ ಲೇಪನ ಹಚ್ಚಿ ಇದನ್ನು ಹತೋಟಿಯಲ್ಲಿಟ್ಟಿದ್ದಾರೆ. ಅಷ್ಟೆಲ್ಲ ಶ್ರಮದ ಮುಂದೆ ನಾವು ಲೇಪನವಿಲ್ಲದ ಅಗ್ಗದ ಚಪ್ಪಟೆ ಗಾಜೊಂದನ್ನು ತಂದು ಬಿಗಿಯುತ್ತೇವೆ. ಡಿಜಿಟಲ್ ಕ್ಯಾಮೆರಾಗಳ ಸೆನ್ಸರಿನ ಮುಂದೆಯೇ ನೇರಳಾತೀತ ಕಿರಣಗಳನ್ನು ತಡೆಯುವ ಗಾಜಿರುವುದರಿಂದ ಯುವಿ ಫಿಲ್ಟರಿಗೆ ಉಳಿದಿರುವ ಕೆಲಸ ಧೂಳು, ಗೀರುಗಳಿಂದ ಕಾಯುವುದಷ್ಟೇ. ಆ ಕಾವಲಿನ ಬಹುಪಾಲನ್ನು ಲೆನ್ಸ್ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ನೆರಳುಗೂಡು) ಮಾಡುತ್ತದೆ; ಜೊತೆಗೆ ಪಕ್ಕದಿಂದ ಬೀಳುವ ಬಿಸಿಲನ್ನೂ ತಡೆಯುತ್ತದೆ. ಈ ಲೆನ್ಸುಗಳ ಹುಡ್ 18 ಮಿ.ಮೀ. ನೋಟಕ್ಕೆ ಅಡ್ಡಬಾರದಂತೆ ಗಿಡ್ಡವಾಗಿರುವುದರಿಂದ, 200ರಲ್ಲಿ ತೆಗೆಯುವಾಗ ಅಂಗೈಯನ್ನೂ ಮೇಲೆ ಅಡ್ಡ ಹಿಡಿಯುವುದು ಒಳ್ಳೆಯದು.

ಪ್ರಶ್ನೆ: ಮುಂದಿನ ಪ್ರವಾಸಕ್ಕೆ ಹೋಗುವ ಮೊದಲು 18–200ನ್ನು ಬಿಟ್ಟು 18–55 ಮತ್ತು 55–200ರ ಜೋಡಿಗೆ ಮರಳಲೋ, ಅಥವಾ 35 ಮಿ.ಮೀ.ನ ಒಂದೇ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಒಯ್ಯಲೋ? ಇಲ್ಲ, ಇನ್ನೂ ದೊಡ್ಡ ಜೂಮ್ ಕೊಳ್ಳಲೋ?

ಉತ್ತರ: ಇನ್ನೂ ದೊಡ್ಡ ಜೂಮ್ ಬೇಡ. ಈಗಿರುವುದರ ದೂರದ ತುದಿಯಲ್ಲಿ ನಿಮಗೆ ಅತೃಪ್ತಿ ಇದ್ದರೆ, ಅದಕ್ಕಿಂತ ಉದ್ದದ ತುದಿಯಲ್ಲಿ ಅದು ಕಡಿಮೆಯಾಗುವುದಿಲ್ಲ. ಅಲ್ಲಿ ಅಪರ್ಚರ್ ಎಫ್ 6.3ಕ್ಕೆ, ಕೆಲವದರಲ್ಲಿ ಇನ್ನೂ ಕೆಳಕ್ಕೆ ಇಳಿದಿರುತ್ತದೆ, ಗಾಳಿಯ ಬಿಸಿ ಹೆಚ್ಚು ಕಾಣುತ್ತದೆ, ಕೈಯ ಅಲುಗಾಟವೂ ಹೆಚ್ಚು ಕಾಣುತ್ತದೆ.

18–55 ಮತ್ತು 55–200ರ ಜೋಡಿ, ಎರಡರ ಬೆಲೆಯೂ ಸಾಧಾರಣವೇ ಆದರೂ, ಚಿತ್ರದ ಗುಣದಲ್ಲಿ ಒಂಟಿ ಜೂಮಿಗಿಂತ ಸಾಮಾನ್ಯವಾಗಿ ಮುಂದಿರುತ್ತದೆ. ಒಂದೊಂದೂ ಮೂರು ನಾಲ್ಕು ಪಟ್ಟಿನ ಹೊರೆಯನ್ನಷ್ಟೇ ಹೊರುವುದರಿಂದ ಇದು ಸಹಜ. ಆದರೆ ಜೋಡಿಯನ್ನು ಒಯ್ಯುವವರು ಲೆನ್ಸ್ ಬದಲಿಸಲು ಸಿದ್ಧರಿರಬೇಕು. ಚೀಲದ ತಳದಲ್ಲಿದ್ದ 55–200 ಕೈಗೆ ಬರುವಷ್ಟರಲ್ಲಿ ಗಿಡುಗ ಹಾರಿರುತ್ತದೆ. ಧೂಳಿನಲ್ಲಿ ಬದಲಿಸಿದರೆ ಸೆನ್ಸರಿನ ಮೇಲೆ ಚುಕ್ಕೆ ಬೀಳುತ್ತದೆ. ಒಟ್ಟಿಗೆ ಹೊರಟವರು ಕಾಯುವವರೋ ಮುಂದೆ ನಡೆದುಬಿಡುವವರೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಲೆನ್ಸ್ ಬದಲಿಸಲು ಸಂಕೋಚಪಟ್ಟು ತೆಗೆಯದೆ ಬಿಟ್ಟ ಚಿತ್ರಗಳು ನನಗೇ ಅನೇಕ.

ನನ್ನ ಒಲವು ಮೂರನೆಯ ದಾರಿಯತ್ತ. 18–200ನ್ನು ಹಗಲಿಗೆ ಇಟ್ಟುಕೊಳ್ಳಿ. ಜೊತೆಗೆ ಅಂಗೈಯಲ್ಲಿ ಹಿಡಿಸುವ 35 ಮಿ.ಮೀ., ಎಫ್ 1.8 ಪ್ರೈಮ್ ಒಂದನ್ನು ಸಂಜೆಗೆ, ಮನೆಯೊಳಗಿನ ಬೆಳಕಿಗೆ ಒಯ್ಯಿರಿ. ಪ್ರವಾಸಿ ಜೂಮ್ 35 ಮಿ.ಮೀ.ನಲ್ಲಿ ಎಫ್ 4ರ ಆಸುಪಾಸಿಗೆ ಇಳಿದಿರುವಾಗ ಎಫ್ 1.8 ನಾಲ್ಕರಿಂದ ಐದು ಪಟ್ಟು ಬೆಳಕನ್ನು ಒಳಬಿಡುತ್ತದೆ. ಜೂಮಿಗೆ ಐಎಸ್‌ಒ 3200 ಬೇಕಾಗುವ ಕಡೆ ಇದಕ್ಕೆ 800 ಸಾಕಾಗಬಹುದು. ದಿನಕ್ಕೆ ಒಂದೇ ಬಾರಿ, ಕೋಣೆಯಲ್ಲಿ ಕುಳಿತು, ಲೆನ್ಸ್ ಬದಲಿಸಿದರೆ ಮುಗಿಯಿತು.

ಆದರೂ ನನ್ನ ಒಲವಿಗಿಂತ ನಿಮ್ಮ ಹಿಂದಿನ ಪ್ರವಾಸದ ಕಡತಗಳ ಮಾತು ಹೆಚ್ಚು ನಂಬಿಕೆಗೆ ಅರ್ಹ. ಚಿತ್ರಗಳನ್ನು ಜೋಡಿಸುವ ತಂತ್ರಾಂಶಗಳು ಅವುಗಳನ್ನು ನಾಭಿದೂರದ ಪ್ರಕಾರ ವಿಂಗಡಿಸಿಕೊಡುತ್ತವೆ. ಅಳಿಸದೆ ಉಳಿಸಿಕೊಂಡವನ್ನು, ಮುಖ್ಯವಾಗಿ ಇತರರಿಗೆ ತೋರಿಸಲು ಆರಿಸಿಕೊಂಡವನ್ನು ಮಾತ್ರ, ಹಾಗೆ ವಿಂಗಡಿಸಿ ಎಣಿಸಿ. ಅವುಗಳಲ್ಲಿ ಮುಕ್ಕಾಲುಪಾಲು 18ರಿಂದ 55ರೊಳಗೆ ಇದ್ದರೆ 18–55 ಮತ್ತು ಒಂದು ಪ್ರೈಮ್ ನಿಮಗೆ ಸಾಕು. 135ನ್ನು ದಾಟಿದವು ಬಹಳವಿದ್ದು, ಅವೇ ನಿಮಗೆ ಬೇಸರ ತಂದಿದ್ದರೆ 55–200 ಕೊಳ್ಳಿ. ಒಂದೇ ಗಂಟೆಯಲ್ಲಿ ತೆಗೆದ ಚಿತ್ರಗಳು 18ಕ್ಕೂ 200ಕ್ಕೂ ನಡುವೆ ಹಾರಾಡುತ್ತಿದ್ದರೆ ಮಾತ್ರ 18–200ನ್ನು ಬಿಡಬೇಡಿ.